ಅರಸನ ಉಪಭೋಗ, ಬೀಸುವವಳ ಸುಖ: ಮಾನಸೋಲ್ಲಾಸದಿಂದ ನಿಗಡಿಯವರೆಗೆ

ದಿನನಿತ್ಯದ ಸಣ್ಣ ಸುಖಗಳನ್ನು ಒಂದೊಂದಾಗಿ ಹೆಸರಿಸಿ, ವಿಂಗಡಿಸಿ, ಅವುಗಳ ಲಕ್ಷಣವನ್ನು ನಿರೂಪಿಸಿದ ಗ್ರಂಥವೊಂದು ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಹುಟ್ಟಿತು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವೇ ಆ ಗ್ರಂಥ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವ ಬಗೆ ಮೊದಲ ವಿಂಶತಿಯಲ್ಲಿ, ಅದನ್ನು ಉಳಿಸಿಕೊಳ್ಳುವ ಬಗೆ ಎರಡನೆಯದರಲ್ಲಿ ಮುಗಿದ ಮೇಲೆ, ಮೂರನೆಯ ವಿಂಶತಿಯು ಪೂರ್ತಿಯಾಗಿ ಉಪಭೋಗಗಳಿಗೆ ಮೀಸಲಾಗಿದೆ. ಮನೆ, ಸ್ನಾನ, ಪಾದುಕೆ, ತಾಂಬೂಲ, ಉಡುಗೆ, ಹೂಮಾಲೆ, ಊಟ, ಕುಡಿಯುವ ನೀರು, ಕಾಲು ನೀವಿಸಿಕೊಳ್ಳುವುದು, ಕೊಡೆ, ಹಾಸಿಗೆ, ಧೂಪ ಇವು ಅಲ್ಲಿನ ಕೆಲವು ಅಧ್ಯಾಯಗಳು. ಮಕ್ಕಳಿಂದ ಒದಗುವ ಸುಖಕ್ಕೂ ಅಲ್ಲಿ ಸ್ಥಾನವಿದೆ. ರತ್ನಸಿಂಹಾಸನದ ಪಕ್ಕದಲ್ಲಿಯೇ ತಣ್ಣೀರಿನ ಬಟ್ಟಲನ್ನು ಇರಿಸಿ, ಎರಡಕ್ಕೂ ಸಮನಾದ ಗಾಂಭೀರ್ಯದಿಂದ ಶಾಸ್ತ್ರ ಬರೆದ ಈ ದೃಷ್ಟಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಗ್ರಂಥವು ಸಂಸ್ಕೃತದಲ್ಲಿರುವುದು ಇದಕ್ಕೆ ಒಂದು ಕಾರಣವಾದರೆ, ಅದನ್ನು ಅಡುಗೆ, ಉಡುಗೆ, ಆನೆ, ಕುದುರೆಗಳ ಮಾಹಿತಿಯ ಕಣಜವೆಂದು ಮಾತ್ರ ಬಳಸಿಕೊಂಡ ನಮ್ಮ ಅಭ್ಯಾಸ ಇನ್ನೊಂದು ಕಾರಣ. ಇಡ್ಲಿ ದೋಸೆಗಳ ಪೂರ್ವರೂಪಗಳನ್ನು ಹುಡುಕುವವರು ಅನ್ನಭೋಗದ ಅಧ್ಯಾಯವನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಅಲ್ಲಿಗೆ ಓದು ನಿಲ್ಲುತ್ತದೆ.

ಪ್ರಸ್ತುತ ಲೇಖನದ ಆಸಕ್ತಿ ಬೇರೆ. ಸುಖವು ದೊಡ್ಡ ಪ್ರಾಪ್ತಿಯಲ್ಲಿರದೆ ಮೀಯುವ ನೀರಿನಲ್ಲಿ, ಉಣ್ಣುವ ತುತ್ತಿನಲ್ಲಿ, ಮಡಿಲ ಮಗುವಿನಲ್ಲಿ ಇದೆ ಎಂಬ ಮಾತನ್ನು ಯಾರು ಹೇಳುತ್ತಾರೆ, ಯಾವ ಕೆಲಸದ ನಡುವೆ ಹೇಳುತ್ತಾರೆ ಎಂಬುದರ ಮೇಲೆ ಆ ಮಾತಿನ ಅರ್ಥವೇ ಬದಲಾಗುತ್ತದೆ. ಮಾನಸೋಲ್ಲಾಸದ ಅರಸನಿಗೆ ನೀರು ಸುಖವಾಗಬೇಕಾದರೆ ಅದನ್ನು ತಂದವರು, ಸೋಸಿದವರು, ಹೂವಿನಿಂದ ವಾಸನೆಗಟ್ಟಿದವರು ಬೇರೆಯವರಾಗಿರಬೇಕು. ಉಪಭೋಗವೆಂಬ ಪದದಲ್ಲಿಯೇ ಈ ವ್ಯವಸ್ಥೆ ಅಡಗಿದೆ. ಆದರೆ ಅದೇ ಗ್ರಂಥದ ಗೀತವಿನೋದದ ಭಾಗದಲ್ಲಿ, ಯಾವ ಹಾಡನ್ನು ಯಾವ ಸಂದರ್ಭದಲ್ಲಿ ಹಾಡಬೇಕೆಂದು ವಿವರಿಸುತ್ತ, ಕಥೆಗೆ ಷಟ್ಪದಿ, ಮದುವೆಗೆ ಧವಳ ಎಂದು ಹೇಳಿ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಗ್ರಂಥಕಾರನು ಸೂಚಿಸುತ್ತಾನೆ. ಅರಸನ ತಟ್ಟೆಗೆ ಬಂದ ಅನ್ನದ ಹಿಂದಿನ ಒನಕೆಯ ಸದ್ದು ಗ್ರಂಥದೊಳಗೆ ಹೀಗೆ ಒಂದು ಗಳಿಗೆ ಕೇಳಿಸಿ ಮರೆಯಾಗುತ್ತದೆ. ಕುಟ್ಟುವವಳು ಹಾಡುವುದು ಅರಸನಿಗೆ ‘ವಿನೋದ’ದ ಅಧ್ಯಾಯದಲ್ಲಿ ಸೇರುವ ಸಂಗತಿ. ಅವಳಿಗೆ ಅದು ಏನಾಗಿತ್ತೆಂಬ ಪ್ರಶ್ನೆ ಅವನ ಎಣಿಕೆಯಲ್ಲಿಲ್ಲ. ಸುಮಾರು ಒಂಬೈನೂರು ವರ್ಷಗಳ ನಂತರವೂ ನಮ್ಮ ವಿಮರ್ಶೆ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದೆಯೇ ಎಂಬುದೇ ನನ್ನ ಸಂದೇಹ.

ಮಾನಸೋಲ್ಲಾಸ ರಚಿತವಾದ ಕೆಲವು ದಶಕಗಳಲ್ಲಿಯೇ, ಅದೇ ಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ನಡೆಯುತ್ತದೆ. ಬಿದ್ದ ಅಕ್ಕಿಯನ್ನು ಆಯುವುದೇ ಇವರ ಕಾಯಕ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಿರುಗಿಸುತ್ತಾಳೆ. ಹೆಚ್ಚಿನ ಬಯಕೆಯನ್ನು ಆಕೆ ಅರಮನೆಯ ಲಕ್ಷಣವಾಗಿ ಕಂಡಳೆಂಬುದು ಗಮನಾರ್ಹ. ಉಪಭೋಗಗಳ ಶಾಸ್ತ್ರ ಬರೆದ ಅರಮನೆಯ ಊರಿನಲ್ಲಿ ಇದು ನೇರವಾದ ಪ್ರತ್ಯುತ್ತರದಂತೆ ಕೇಳಿಸುತ್ತದೆ. ಆದರೂ ಇದನ್ನು ‘ಸಣ್ಣ ಸುಖ’ದ ಸಾಹಿತ್ಯವೆಂದು ಓದುವುದು ತಪ್ಪಾದೀತು. ಲಕ್ಕಮ್ಮನದು ವ್ರತ. ಸಾಕೆಂಬ ಅಳತೆಯನ್ನು ಆಕೆ ನೈತಿಕ ಕಟ್ಟಳೆಯಾಗಿ ಹಿಡಿದಿದ್ದಾಳೆ. ಅಕ್ಕಿಯ ಬಿಳುಪನ್ನೋ ಅನ್ನದ ಬಿಸಿಯನ್ನೋ ಕುರಿತು ಆಕೆಗೆ ಹೇಳುವುದೇನೂ ಇಲ್ಲ. ಅಲ್ಪತೃಪ್ತಿಯ ಬೋಧನೆಗೆ ಇಂದು ಲಕ್ಕಮ್ಮನನ್ನು ಎಳೆತರುವವರು ಆಕೆ ಗಂಡನನ್ನು ಗದರಿದಳೆಂಬುದನ್ನು ಮರೆಯುತ್ತಾರೆ.

ಉಪಭೋಗವನ್ನು ಕನ್ನಡದಲ್ಲಿ, ದೇಸಿ ಮಟ್ಟಿನಲ್ಲಿ, ತುಂಬು ಪ್ರೀತಿಯಿಂದ ಹಾಡಿದವನು ಹದಿನಾರನೆಯ ಶತಮಾನದ ರತ್ನಾಕರವರ್ಣಿ. ಪಂಪನ ಆದಿಪುರಾಣದಲ್ಲಿ ಭರತನ ಕಥೆ ವಿಜಯ ಮತ್ತು ವೈರಾಗ್ಯಗಳ ನಡುವೆ ತೂಗಿದರೆ, ‘ಭರತೇಶ ವೈಭವ’ದ ಐದು ವಿಜಯಗಳಲ್ಲಿ ಮೊದಲನೆಯದೇ ಭೋಗವಿಜಯ. ಚಕ್ರವರ್ತಿಯ ಒಂದು ದಿನವನ್ನು ಕವಿ ಸಂಧಿಗಳುದ್ದಕ್ಕೂ ಹಿಂಜುತ್ತಾನೆ: ಆಸ್ಥಾನ, ಕವಿಯ ಮಾತು, ಮುನಿಗೆ ಆಹಾರದಾನ, ಊಟ, ಮಹಡಿಯ ಮೇಲಿನ ಸಲ್ಲಾಪ. ಆತುರವೇ ಇಲ್ಲ. ದಿಗ್ವಿಜಯಕ್ಕಿಂತ ಮೊದಲು ಮಧ್ಯಾಹ್ನದ ಊಟವನ್ನು ಹೇಳಬೇಕೆಂಬ ಕವಿಯ ಆಯ್ಕೆಯನ್ನು ನಾನು ಮಧ್ಯಕಾಲೀನ ಕನ್ನಡ ಕಾವ್ಯದ ಧೀರ ನಿರ್ಧಾರಗಳಲ್ಲಿ ಒಂದೆಂದು ಎಣಿಸುತ್ತೇನೆ. ಸಾಂಗತ್ಯವು ಅದಕ್ಕೆ ತಕ್ಕ ಛಂದಸ್ಸು. ಮಾತಿಗೆ ಹತ್ತಿರ, ಹಾಡಿಗೂ ಹತ್ತಿರ. ಭೋಗದಲ್ಲಿದ್ದೂ ಆತ್ಮಧ್ಯಾನ ಕೆಡದಿರುವುದು ರತ್ನಾಕರನ ತತ್ತ್ವವೆಂದು ವಿದ್ವಾಂಸರು ವಿವರಿಸಿದ್ದಾರೆ. ಅದು ನಿಜ. ಆದರೆ ಆ ಊಟದ ಹಿಟ್ಟನ್ನು ಬೀಸಿದ ಕೈ ಇಲ್ಲಿಯೂ ಕಥೆಯ ಹೊರಗೇ ಉಳಿಯುತ್ತದೆ.

ಹೊಸಗನ್ನಡದಲ್ಲಿ ಈ ಪರಂಪರೆ ಎರಡು ಕಡೆ ಮರುಹುಟ್ಟು ಪಡೆಯಿತು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಮೊದಲಾದ ಲಲಿತ ಪ್ರಬಂಧಗಳಲ್ಲಿ ಸಣ್ಣ ಸುಖವು ವಿರಾಮದ ಕುರ್ಚಿಯಲ್ಲಿ ಕುಳಿತು ಮಾತನಾಡುತ್ತದೆ, ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ದಾಂಪತ್ಯದ ಅಂಗಳದಲ್ಲಿ ಅದನ್ನು ಕಂಡಿತು. ನವ್ಯರೂ ಆಮೇಲಿನವರೂ ಈ ಎರಡನ್ನೂ ಮಧ್ಯಮವರ್ಗದ ಸಂತೃಪ್ತಿಯೆಂದು ಬದಿಗೆ ಸರಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಮೈಸೂರು ಮಲ್ಲಿಗೆಯ ಸುಖದ ಸಾಮಗ್ರಿ, ಅಂದರೆ ತವರಿನ ದಾರಿ, ಬಳೆಗಾರನ ಬರವು, ಮುಡಿಗೆ ಹೂವು ಇವೆಲ್ಲ ಎಲ್ಲಿಂದ ಬಂದವೆಂಬುದನ್ನು ಆಕ್ಷೇಪಿಸಿದವರು ನೋಡಲಿಲ್ಲ. ಹೆಂಗಸರು ತಲೆಮಾರುಗಳಿಂದ ಬೀಸುತ್ತ ಕುಟ್ಟುತ್ತ ಹಾಡಿದ ಸುಖವನ್ನು ಗಂಡಸರ ಕಾವ್ಯ ತನ್ನ ದನಿಗೆ ಒಗ್ಗಿಸಿಕೊಂಡಿತು. ಮೂಲವನ್ನು ಓದದೆ ಅದರ ಸಾಲವನ್ನು ಮಾತ್ರ ಟೀಕಿಸಿದಂತಾಯಿತು.

ಆ ಮೂಲವು ಅಚ್ಚಿಗೆ ಬಂದುದು 1931ರಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಹೆಸರಿನಿಂದ ವಿಜಯಪುರ ಸೀಮೆಯ ತ್ರಿಪದಿಗಳನ್ನು ಸಂಕಲಿಸಿದರು. ಕನ್ನಡ ಜಾನಪದ ಅಧ್ಯಯನಕ್ಕೆ ಈ ಗೆಳೆಯರು ಮಾಡಿದ ಉಪಕಾರವನ್ನು ಎಷ್ಟು ಹೇಳಿದರೂ ತೀರದು. ನಗರದ ವಿದ್ಯಾವಂತರು ಹಳ್ಳಿಯ ಹೆಂಗಸಿನ ಬಾಯಲ್ಲಿ ಕಾವ್ಯವುಂಟೆಂದು ನಂಬದಿದ್ದ ಕಾಲದಲ್ಲಿ ಅವರು ಈ ಕೆಲಸ ಮಾಡಿದರು. ಆದರೆ ಹೆಸರನ್ನು ಗಮನಿಸಬೇಕು. ಬೀಸುವವಳ ಹಾಡು, ದುಡಿಯುವವಳ ಹಾಡು ಎಂದಾಗಲಿಲ್ಲ. ‘ಗರತಿ’ಯ ಹಾಡು ಎಂದಾಯಿತು. ರಾಷ್ಟ್ರೀಯತೆಯ ಆ ದಿನಗಳಲ್ಲಿ ಸಹನೆ, ತೃಪ್ತಿ, ಕುಲವಧುವಿನ ಮರ್ಯಾದೆ ಇವುಗಳನ್ನು ಹೊತ್ತ ಒಂದು ಪ್ರತಿಮೆ ಬೇಕಾಗಿತ್ತು. ಹಾಡುಗಳು ಆ ಪ್ರತಿಮೆಗೆ ಒದಗಿದವು. ಮುಂದೆ ಬಂದ ಬಹುತೇಕ ಸಂಕಲನಗಳು ತ್ರಿಪದಿಗಳನ್ನು ವಿಷಯಾನುಸಾರ ಜೋಡಿಸಿದವು: ದೇವರು, ತವರು, ತಾಯಿ, ಅಣ್ಣ ತಮ್ಮ, ಕೂಸು, ಗಂಡ, ಅತ್ತೆ, ಸವತಿ. ಓದುಗನಿಗೆ ಇದು ಅನುಕೂಲ. ಆದರೆ ಈ ಅನುಕೂಲದಲ್ಲಿ ಕೂಸಿನ ಸುಖ ಒಂದು ಅಧ್ಯಾಯಕ್ಕೆ, ಅತ್ತೆಯ ಕಾಟ ಮತ್ತೊಂದಕ್ಕೆ ಹೋಯಿತು. ಕೂಸಿನ ಅಧ್ಯಾಯವನ್ನು ಮಾತ್ರ ಓದಿದವನಿಗೆ ಹಾಡಿದವಳು ಪರಮ ಸಂತುಷ್ಟಳಾಗಿ ಕಾಣುತ್ತಾಳೆ. ಅತ್ತೆಯ ಅಧ್ಯಾಯ ಓದಿದವನಿಗೆ ಕಣ್ಣೀರಿನ ಮೂರ್ತಿಯಾಗುತ್ತಾಳೆ. ಇಬ್ಬರೂ ಒಬ್ಬಳೇ ಎಂಬುದು ಸಂಪಾದನೆಯಲ್ಲಿ ಕಳೆದುಹೋಯಿತು.

ಬೀಸುವ ಕ್ರಿಯೆಯ ಸ್ವರೂಪವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳುವುದು ಇಲ್ಲಿ ಅಗತ್ಯ. ಕೋಳಿ ಕೂಗುವ ಮೊದಲೇ ಎದ್ದು, ಒಬ್ಬಳೇ ಅಥವಾ ನೆಗೆಣ್ಣಿಯೊಡನೆ ಎದುರುಬದುರಾಗಿ ಕುಳಿತು, ಗೂಟ ಹಿಡಿದು ತಿರುಗಿಸುತ್ತ, ಮತ್ತೊಂದು ಕೈಯಿಂದ ಹಿಡಿ ಹಿಡಿಯಾಗಿ ಜೋಳ ಹಾಕುತ್ತ, ಮನೆಮಂದಿಗೆ ಆ ದಿನದ ರೊಟ್ಟಿಗಾಗುವಷ್ಟು ಹಿಟ್ಟು ತೆಗೆಯಬೇಕು. ತ್ರಿಪದಿ ಮೂರು ಪಾದಗಳ ಪದ್ಯ. ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ, ಅಂದರೆ ಸುಮಾರು ಕ್ರಿ.ಶ. 700ರಿಂದ, ಈ ಮಟ್ಟು ನಮಗೆ ಪರಿಚಿತ. ಹಾಡುವಾಗ ಎರಡನೆಯ ಪಾದವನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಸಾಗುತ್ತಾರೆ. ಈ ಮರಳುವಿಕೆ ಕೇವಲ ಅಲಂಕಾರವೆಂದು ನನಗೆ ತೋರುವುದಿಲ್ಲ. ಮುಂದಿನ ಪಾದವನ್ನು ಕಟ್ಟಿಕೊಳ್ಳಲು ಹಾಡುವವಳಿಗೆ ದೊರೆಯುವ ಬಿಡುವು ಅದು. ಕಲ್ಲಿನ ಸುತ್ತು ನಿಲ್ಲುವುದಿಲ್ಲ, ಮಾತು ಮಾತ್ರ ಒಂದು ಗಳಿಗೆ ತನ್ನ ಮೇಲೆಯೇ ತಿರುಗುತ್ತದೆ. ಮೊದಲೆರಡು ಪಾದಗಳು ಸಂಗತಿಯನ್ನು ಹೇಳುತ್ತವೆ. ಚಿಕ್ಕದಾದ ಮೂರನೆಯ ಪಾದದಲ್ಲಿ, ಬಹಳ ಸಲ, ಒಂದು ಕೊಸರು, ಒಂದು ನಗೆ, ಒಂದು ಸಣ್ಣ ಬೆರಗು. ಸುಖವು ತ್ರಿಪದಿಯಲ್ಲಿ ವಿಷಯವಾಗಿ ಬರುವುದಕ್ಕಿಂತ ಹೆಚ್ಚಾಗಿ ಈ ಮೂರನೆಯ ಪಾದದ ತಿರುವಾಗಿ ಬರುತ್ತದೆ ಎಂಬುದು ನನ್ನ ಗ್ರಹಿಕೆ.

ಇನ್ನೂ ಮುಖ್ಯವಾದುದು ಅನುಕ್ರಮ. ಒಂದು ಬೆಳಗಿನ ಬೀಸುವಿಕೆಯಲ್ಲಿ ಹತ್ತಾರು ತ್ರಿಪದಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕಲ್ಲಿಗೆ ನಮಸ್ಕಾರ, ಊರ ದೇವರ ನೆನಪು, ತವರಿನ ಹರಕೆ, ಅತ್ತೆಯ ಮಾತಿನ ಇರಿತ, ತೊಟ್ಟಿಲ ಕೂಸಿನ ಮುಖ, ಬಾರದ ಅಣ್ಣ, ತಂದ ಕುಪ್ಪಸ, ಮತ್ತೆ ಕಲ್ಲು. ಇರಿತದ ಮುಂದಿನ ಪದ್ಯ ಕೂಸಿನದಾದಾಗ, ಕೂಸಿನ ಸುಖ ಸಂತೃಪ್ತಿಯ ಹೇಳಿಕೆಯಾಗಿ ಉಳಿಯುವುದಿಲ್ಲ. ಅದು ಇರಿತಕ್ಕೆ ಕೊಟ್ಟ ಉತ್ತರವಾಗುತ್ತದೆ. ಸುಖದ ಮುಂದಿನ ಪದ್ಯ ದೂರಾದಾಗ, ಸುಖವು ದೂರನ್ನು ಬಾಯಿಮುಚ್ಚಿಸಲಿಲ್ಲವೆಂದು ತಿಳಿಯುತ್ತದೆ. ಅರಸನ ಉಪಭೋಗಕ್ಕೂ ಬೀಸುವವಳ ಸುಖಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅವನದು ದುಡಿಮೆಯನ್ನು ಹೊರಗಿಟ್ಟು ಬಂದದ್ದು, ಆದ್ದರಿಂದ ಅದನ್ನು ಅಧ್ಯಾಯಗಳಾಗಿ ವಿಂಗಡಿಸಬಹುದು. ಇವಳದು ದುಡಿಮೆಯ ಒಳಗೇ, ದುಃಖದ ಪಕ್ಕದಲ್ಲಿಯೇ ಬಂದದ್ದು, ವಿಂಗಡಿಸಿದೊಡನೆ ಸುಳ್ಳಾಗುತ್ತದೆ. ಸಣ್ಣದರಲ್ಲಿ ಸುಖ ಕಾಣಬೇಕೆಂದು ಬಡವರಿಗೆ ಬೋಧಿಸುವವರ ಕೈಗೆ ಈ ಹಾಡುಗಳು ಆಯುಧವಾಗಿ ಸಿಕ್ಕಿದ್ದರೆ, ಅದರ ಹೊಣೆ ಹಾಡಿದವರದಲ್ಲ, ವಿಂಗಡಿಸಿದ ನಮ್ಮದು.

ಈ ವಾದವನ್ನು ಪರೀಕ್ಷಿಸಲು ಕನ್ನಡದ ಸಂಕಲನಗಳಿಗಿಂತ ಮರಾಠಿಯ ಆಕರ ಇಂದು ಹೆಚ್ಚು ಸಹಾಯಕವಾಗಿದೆ ಎಂದು ಒಪ್ಪಿಕೊಳ್ಳಬೇಕು. ಸಾನೆ ಗುರೂಜಿಯವರ ‘ಸ್ತ್ರೀ ಜೀವನ’ದಂತಹ ಸಂಕಲನಗಳು ಅಲ್ಲಿಯೂ ಮೊದಲು ಬಂದಿದ್ದವು. ಆದರೆ ಪುಣೆಯಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತೆವ್ಯಾಂ ಅವರು ಮಾವಳ, ಮುಳಶಿ ಮುಂತಾದ ಸೀಮೆಗಳಲ್ಲಿ ಆರಂಭಿಸಿದ ಬೀಸುಗಲ್ಲಿನ ಓವಿಗಳ ಸಂಗ್ರಹ ಬೇರೆ ಬಗೆಯದು. ಸಾವಿರಕ್ಕೂ ಮಿಕ್ಕ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿದ ಓವಿಗಳು ಅಲ್ಲಿ ಸೇರಿದವು. ಪ್ವಾತೆವ್ಯಾಂ 2004ರಲ್ಲಿ, ರಾಯರಕರ 2010ರಲ್ಲಿ ತೀರಿಕೊಂಡರು. 2017ರಿಂದ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಸಂಸ್ಥೆಯು ಈ ಓವಿಗಳನ್ನು ಧ್ವನಿಸಹಿತ ಪ್ರಕಟಿಸುತ್ತ ಬಂದಿದೆ. ಇಲ್ಲಿಯೂ ವಿಷಯವಾರು ವರ್ಗೀಕರಣವಿದೆ, ಅದೂ ತುಂಬ ಸೂಕ್ಷ್ಮವಾದುದು. ಆದರೆ ಹಾಡಿದವಳ ಹೆಸರು, ಊರು ಪದ್ಯದ ಜೊತೆಗೇ ಉಳಿದಿವೆ. ಆದ್ದರಿಂದ ಓದುವವನು ಮನಸ್ಸು ಮಾಡಿದರೆ ಒಬ್ಬಳ ಓವಿಗಳನ್ನು ಒಟ್ಟುಗೂಡಿಸಿ ಅವಳ ಸುಖವನ್ನೂ ದೂರನ್ನೂ ಒಂದೇ ಬಾಯಿಗೆ ಮರಳಿಸಬಹುದು. ಮಾವಳದ ಓವಿ ಬಹುಮಟ್ಟಿಗೆ ಎರಡು ಸಾಲಿನದು, ತ್ರಿಪದಿಯ ಮೂರನೆಯ ಪಾದದ ಕೊಸರು ಅದಕ್ಕಿಲ್ಲ. ಅದು ತನ್ನ ತಿರುವನ್ನು ಎರಡನೆಯ ಸಾಲಿನ ನಡುವಿನಲ್ಲಿಯೇ ಮುಗಿಸಬೇಕು. ಛಂದಸ್ಸಿನ ಈ ವ್ಯತ್ಯಾಸದ ಮೇಲೆ ತೌಲನಿಕ ಕೆಲಸ ಆಗಬೇಕಾಗಿದೆ. ಕರ್ನಾಟಕದ ಹೊರಗಿನ, ಎರಡೂ ಭಾಷೆ ಬಲ್ಲ ಸಂಶೋಧಕರಿಗೆ ಇದು ಸಹಜವಾಗಿ ಒದಗಿದ ಕ್ಷೇತ್ರ.

ನಿಗಡಿಯ ಮಾತು ಬರುವುದು ಇಲ್ಲಿಯೇ. ಪುಣೆಯಿಂದ ಮುಂಬಯಿಯ ದಾರಿಯಲ್ಲಿ, ಪವನಾ ಮತ್ತು ಇಂದ್ರಾಯಣಿ ನದಿಗಳ ನಡುವಿನ ಎತ್ತರದಲ್ಲಿರುವ ಈ ಊರಿನಿಂದ ಮಾವಳ ಸೀಮೆ ಕೂಗಳತೆಯಲ್ಲಿದೆ. ದೇಹು ಒಂದು ಕಡೆ, ಆಳಂದಿ ಇನ್ನೊಂದು ಕಡೆ. ಆಷಾಢದ ವಾರಿಗೆ ದೇಹುವಿನಿಂದ ಹೊರಟ ತುಕಾರಾಮರ ಪಾಲಖಿ ನಿಗಡಿಯ ಮೂಲಕ ಸಾಗಿ ಪಕ್ಕದ ಆಕುರ್ಡಿಯಲ್ಲಿ ಬೀಡುಬಿಡುತ್ತದೆ. ಈ ಎರಡೂ ನದಿಗಳ ನೀರು ಕೊನೆಗೆ ಭೀಮೆಯನ್ನು ಸೇರಿ, ಪಂಢರಪುರವನ್ನು ಹಾದು, ಹಲಸಂಗಿಯ ಸೀಮೆಯನ್ನು ಮುಟ್ಟುತ್ತದೆ. ಓವಿಯ ನಾಡಿನ ನೀರು ತ್ರಿಪದಿಯ ನಾಡಿಗೆ ಇಳಿಯುವುದು ಹೀಗೆ. ಜನ ಮಾತ್ರ ಹೊಳೆಗೆ ಎದುರಾಗಿ ಮೇಲೆ ಬಂದರು. 1954ರಲ್ಲಿ ಪಿಂಪರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್, 1960ರಲ್ಲಿ ಆಕುರ್ಡಿಯಲ್ಲಿ ಬಜಾಜ್ ಕಾರ್ಖಾನೆ, 1972ರಲ್ಲಿ ನವನಗರ ಪ್ರಾಧಿಕರಣ, ಹೀಗೆ ಬೆಳೆದ ಈ ಕೈಗಾರಿಕಾ ಪಟ್ಟಿಗೆ ವಿಜಯಪುರ, ಕಲಬುರಗಿ, ಯಾದಗಿರಿ, ಬೀದರ ಸೀಮೆಗಳಿಂದ ದುಡಿಯುವ ಕುಟುಂಬಗಳು ಬಂದು ಸೇರಿವೆ. ಮನೆ ಕಟ್ಟುವ ಕೆಲಸದಲ್ಲಿ, ರಸ್ತೆಯ ಕೆಲಸದಲ್ಲಿ ಮರಾಠಿ ಮಾತಿನ ನಡುವೆ ಕಲಬುರಗಿಯ ಕನ್ನಡ ಅಲ್ಲಿ ಸಾಮಾನ್ಯವಾಗಿ ಕಿವಿಗೆ ಬೀಳುತ್ತದೆ.

ಹೊರನಾಡಿನ ಕನ್ನಡ ವಿದ್ವತ್ತು ಈ ಪ್ರದೇಶವನ್ನು ನೋಡಿದ ಬಗೆ ವಿಚಿತ್ರವಾಗಿದೆ. ಶಂಬಾ ಜೋಶಿಯವರು ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಕನ್ನಡದ ಹೆಜ್ಜೆಗಳನ್ನು ಗುರುತಿಸಿ, ಮರಾಠಿಯಲ್ಲಿಯೇ ‘ಮರ್‌ಹಾಟೀ ಸಂಸ್ಕೃತಿ’ಯನ್ನು ಬರೆದರು. ಮಾವಳದ ನಿಗಡೆ ಗ್ರಾಮದಲ್ಲಿ ಹುಟ್ಟಿದ ರಾ. ಚಿಂ. ಢೇರೆಯವರು (ನಿಗಡೆ ಬೇರೆ, ನಿಗಡಿ ಬೇರೆ, ಹೆಸರಿನ ಸಾಮ್ಯ ಮಾತ್ರ) 1984ರ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ವಿಠ್ಠಲನ ದಕ್ಷಿಣದ, ಕನ್ನಡದ ಬೇರುಗಳನ್ನು ಅಪಾರ ಪರಿಶ್ರಮದಿಂದ ಶೋಧಿಸಿದರು. ಇವೆರಡೂ ಮಹತ್ವದ ಕೃತಿಗಳು. ಆದರೆ ಇವರ ಹೆಸರು ಹೇಳಿಕೊಂಡು ಬಂದ ನಮ್ಮ ಅನೇಕ ಲೇಖನಗಳು ಕನ್ನಡವು ಹಿಂದೆ ಎಲ್ಲಿಯವರೆಗೆ ಇತ್ತು ಎಂಬ ಹೆಮ್ಮೆಯಲ್ಲಿಯೇ ಮುಗಿಯುತ್ತವೆ. ಈಗ ಎಲ್ಲಿ ಇದೆ, ಯಾರ ಬಾಯಲ್ಲಿ ಇದೆ ಎಂದು ಕೇಳುವುದಿಲ್ಲ. ನಿಗಡಿಯ ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ ಮತ್ತು ತುಕಾರಾಮರ ದೊಡ್ಡ ಪ್ರತಿಮೆಗಳಿವೆ. ಹೆಸರಿನ ನಿಷ್ಪತ್ತಿಗೂ ವಿಠ್ಠಲನ ಮೂಲಕ್ಕೂ ಬಂದ ಸಂಶೋಧಕ ಅವುಗಳ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾನೆ. ಕನ್ನಡದ ಬೀಸುವ ಪದವನ್ನು ಕಲ್ಲಿನ ಮುಂದೆ ಕುಳಿತು ಕಲಿತ ಕೊನೆಯ ತಲೆಮಾರಿನ ಹೆಂಗಸರಲ್ಲಿ ಕೆಲವರು ಅದೇ ಚೌಕದ ಸುತ್ತಿನ ಬೀದಿಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಇದ್ದಾರೆ.

ಅಂತಹ ಒಬ್ಬ ಮುದುಕಿಯೊಡನೆ ನಡೆದ ಮಾತನ್ನು ಇಲ್ಲಿ ದಾಖಲಿಸುತ್ತೇನೆ. ಸ್ಥಳ ಹಿಟ್ಟಿನ ಗಿರಣಿಯ ಬಾಗಿಲು. ಊರಿನಿಂದ ಚೀಲದಲ್ಲಿ ಬಂದ ಬಿಳಿಜೋಳವನ್ನು ಡಬ್ಬಿಯಲ್ಲಿ ತುಂಬಿಕೊಂಡು ಆಕೆ ಪಾಳಿಗೆ ನಿಂತಿದ್ದಳು. ಅಂಗಡಿಯ ಜೋಳಕ್ಕೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಹರಿಯುತ್ತದೆ ಎಂಬುದು ಅಲ್ಲಿ ನಿಂತಿದ್ದ ಎಲ್ಲರ ಏಕಾಭಿಪ್ರಾಯ. ಬೀಸುವ ಪದ ಹೇಳಿರೆಂದು ಕೇಳಿದಾಗ ಆಕೆ ನಕ್ಕಳು. “ಕಲ್ಲ ಇಲ್ದ ಹಾಡು ಹ್ಯಾಂಗ ನೆಪ್ಪಿಗಿ ಬರ್ತಾವ್ರೀ ಅಕ್ಕಾರ? ಕೈ ತಿರಗಿದ್ರ ಬಾಯಿ ತೆರೀತದ.” ಹಾಡಿನ ನೆನಪು ತಲೆಯಲ್ಲಿಲ್ಲ, ತೋಳಿನಲ್ಲಿದೆ ಎಂಬ ಈ ಮಾತು ಮೌಖಿಕ ಪರಂಪರೆಯ ಬಗೆಗಿನ ಹಲವು ಸಿದ್ಧಾಂತಗಳಿಗಿಂತ ನೇರವಾಗಿದೆ. ಆ ಕಲ್ಲು ಹೋದದ್ದಕ್ಕೆ ವ್ಯಥೆಯಿದೆಯೇ ಎಂದು ಕೇಳಿದೆ. ಇಲ್ಲವೆಂದಳು, ನಸುಕಿನಲ್ಲಿ ಏಳುವುದು ತಪ್ಪಿತಲ್ಲ, ಸೊಸೆಗೆ ಆ ನೋವು ಬೇಡ ಎಂದಳು. ಕಲ್ಲಿನ ಬಗ್ಗೆ ನಾಸ್ಟಾಲ್ಜಿಯಾ ನಮ್ಮದೇ ಹೊರತು ಆಕೆಯದಲ್ಲ. ಹಾಗಾದರೆ ಇಲ್ಲಿ, ಈ ಊರಿನಲ್ಲಿ ಮನಸ್ಸಿಗೆ ಹಿತವೆನಿಸುವುದು ಯಾವುದು?

“ಹಿಟ್ಟಿನ ಡಬ್ಬಿ ಬಗಲಾಗ ಇಟಗೊಂಡು ಮನಿಗಿ ಹೋಗೂದು. ಥಂಡಿ ದಿನದಾಗ ಕೂಸಿನಂಗ ಬೆಚ್ಚಗ ಇರ್ತದ ನೋಡ್ರಿ. ಮುಕಾದಮ ನನ್ನ ಮಗಂದು ಎರಡು ವಾರದ ಪಗಾರ ಇಟಗೊಂಡಾನ.”

ಎರಡು ವಾಕ್ಯಗಳ ನಡುವೆ ಆಕೆ ಉಸಿರು ಕೂಡ ಬದಲಿಸಲಿಲ್ಲ. ವಿಷಯವಾರು ಚೀಟಿ ಬರೆಯುವ ಸಂಶೋಧಕನಾದರೆ ಮೊದಲಿನದನ್ನು ‘ದೈನಂದಿನ ಸುಖ’ದ ಪೆಟ್ಟಿಗೆಗೂ ಕೊನೆಯದನ್ನು ‘ವಲಸೆ ಕಾರ್ಮಿಕರ ಸಮಸ್ಯೆ’ಯ ಪೆಟ್ಟಿಗೆಗೂ ಹಾಕುವನು. ಎರಡೂ ಪೆಟ್ಟಿಗೆಗಳಿಂದ ಒಂದೊಂದು ಪ್ರಬಂಧ ಹೊರಬರುತ್ತದೆ. ಒಂದರಲ್ಲಿ ಆಕೆ ಅಲ್ಪತೃಪ್ತಳು, ಇನ್ನೊಂದರಲ್ಲಿ ಶೋಷಿತಳು. ಗಿರಣಿಯ ಬಾಗಿಲಲ್ಲಿ ನಿಂತು ಬಿಸಿ ಹಿಟ್ಟಿನ ಹಿತವನ್ನೂ ತಡೆದ ಪಗಾರದ ಸಿಟ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹೆಂಗಸು ಎರಡರಲ್ಲಿಯೂ ಇರುವುದಿಲ್ಲ. ಆಕೆಯ ಮಾತಿನ ಕಟ್ಟನ್ನು ಗಮನಿಸಿ: ಸಂಗತಿ, ಅದರ ಉಪಮೆ, ಆಮೇಲೆ ಅನಿರೀಕ್ಷಿತವಾದ ತಿರುವು. ಕಲ್ಲು ಹೋಗಿದೆ, ಮಟ್ಟು ಹೋಗಿದೆ. ಮೂರು ಹೆಜ್ಜೆಯ ನಡಿಗೆ ಮಾತ್ರ ಉಳಿದಿದೆ. ಥಂಡಿ, ಮುಕಾದಮ, ಪಗಾರ ಎಂಬ ಮರಾಠಿ ಸೀಮೆಯ ಪದಗಳು ಅದರೊಳಗೆ ಮುಜುಗರವಿಲ್ಲದೆ ಕುಳಿತಿವೆ. ಇದನ್ನು ತ್ರಿಪದಿ ಎಂದು ಕರೆಯುವ ಸಾಹಸ ನಾನು ಮಾಡಲಾರೆ. ಆದರೆ ತ್ರಿಪದಿಯನ್ನು ಓದುವ ಬಗೆಯನ್ನು ಈ ಮಾತಿನಿಂ‌ದ ಕಲಿಯಬಹುದು ಎನ್ನುತ್ತೇನೆ. ಸುಖದ ಪದ್ಯದ ಮುಂದೆ ಏನು ಬಂತು ಎಂದು ಕೇಳುವುದು ಆ ಓದಿನ ಮೊದಲ ಪ್ರಶ್ನೆ. ಅಚ್ಚಾದ ಸಂಕಲನಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಇನ್ನೂ ಬದುಕಿರುವ ಹಾಡುಗಾತಿಯರ ಬಳಿ ಕುಳಿತಾದರೂ ಉತ್ತರ ಪಡೆಯಬೇಕು.

ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಒಂದು ಧ್ವನಿಮುದ್ರಣ ಯಂತ್ರ, ಆ ಸೀಮೆಯ ಕನ್ನಡ ಬಲ್ಲ ಒಬ್ಬ ವಿದ್ಯಾರ್ಥಿನಿ, ಗಿರಣಿಯ ಪಾಳಿಯಲ್ಲಿ ನಿಲ್ಲುವ ತಾಳ್ಮೆ ಇಷ್ಟು ಸಾಕು. ಹಾಡು ಬಂದರೆ ಹಾಡನ್ನು, ಬಾರದಿದ್ದರೆ ಮಾತನ್ನು, ಆಡಿದ ಅನುಕ್ರಮದಲ್ಲಿಯೇ ಬರೆದುಕೊಳ್ಳಬೇಕು. ವರ್ಗೀಕರಣ ಆಮೇಲಿನ ಕೆಲಸ. ಹಾಡಿದವಳ ಹೆಸರು ಪದ್ಯದ ಜೊತೆಗಿರಬೇಕೆಂದು ಮಾವಳದ ಸಂಗ್ರಹವನ್ನು ಮುಂದಿಟ್ಟು ಮೇಲೆ ಸೂಚಿಸಿದ್ದೇನೆ. ಆದರೆ ಗಿರಣಿಯ ಬಳಿ ಮಾತನಾಡಿದ ಈ ಮುದುಕಿಯ ಹೆಸರನ್ನು ನಾನು ಇಲ್ಲಿ ಕೊಟ್ಟಿಲ್ಲ. ಕೊಡಬೇಡಿರೆಂದು ಆಕೆಯೇ ಹೇಳಿದಳು. ಹಿಟ್ಟಿನ ಮಾತಿಗೆ ಹೆಸರು ಹಾಕಬಹುದಂತೆ, ಪಗಾರದ ಮಾತಿಗೆ ಬೇಡವಂತೆ. ಮಗ ಇನ್ನೂ ಅದೇ ಮುಕಾದಮನ ಕೈಕೆಳಗೆ ಇದ್ದಾನೆ. ಎರಡನ್ನೂ ಬಿಡಿಸಿ ಅಚ್ಚು ಹಾಕಲು ಮನಸ್ಸು ಬಾರದೆ ಹೆಸರನ್ನೇ ಬಿಟ್ಟಿದ್ದೇನೆ.